ಉತ್ತರ ಧ್ರುವದ ಹಿಮ ಕರಗಿದ್ದಕ್ಕೇ ವಾಣಿವಿಲಾಸ ಸಾಗರ ಕೋಡಿ ಬಿತ್ತೇ?

ಮಳೆ ಜೋರಾದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ‘ಉತ್ತರ ಧ್ರುವದ ಹಿಮ ಕರಗುತ್ತಿದೆ, ಅದಕ್ಕೇ ಇಲ್ಲಿ ಈ ಪರಿ ಮಳೆ’ ಎನ್ನುವುದು ಒಂದು. ‘ಅಷ್ಟು ದೂರದ ಹಿಮ ಕಟ್ಟಿಕೊಂಡು ನಮಗೇನಾಗಬೇಕು, ಅಲ್ಲಿ ಭಾರತದ ದುಡ್ಡು ಯಾಕೆ ಸುರಿಯಬೇಕು’ ಎನ್ನುವುದು ಇನ್ನೊಂದು. ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನವರಿಗೆ ಇವೆರಡೂ ಮುಖ್ಯ, ಏಕೆಂದರೆ ಅಲ್ಲಿನ ಬದುಕು ನಿಂತಿರುವುದೇ ಮಳೆಯ ಮೇಲೆ. ನಿಜ ಏನು ಎಂದು ನೋಡೋಣ.

ಡ್ಯಾಮ್ ತುಂಬಿದ್ದು ಹೇಗೆ?

ಮಾರಿಕಣಿವೆ ಎಂದೇ ಹೆಸರಾದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅಂದರೆ 89 ವರ್ಷಗಳ ಮೇಲೆ. ಇದಕ್ಕೆ ಕಾರಣ ಹತ್ತಿರದಲ್ಲೇ ಇದೆ. ವೇದಾವತಿ ಹುಟ್ಟಿ ಹರಿದು ಬರುವ ಚಿಕ್ಕಮಗಳೂರು ಜಿಲ್ಲೆಯ ಕಡೆ ಆ ವರ್ಷ ಭಾರಿ ಮಳೆಯಾಯಿತು. ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯಡಿ 2019ರಿಂದ ಭದ್ರಾ ನೀರೂ ಈ ಜಲಾಶಯಕ್ಕೆ ಬರುತ್ತಿತ್ತು. ಪೆಸಿಫಿಕ್ ಸಾಗರದಲ್ಲಿ ಆ ವರ್ಷ ಲಾ ನಿನಾ ಇತ್ತು. ಅದಿದ್ದಾಗ ನಮ್ಮ ಮುಂಗಾರು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಹಾಗಾಗಿ ‘ಧ್ರುವದ ಹಿಮ ಕರಗಿತು, ಡ್ಯಾಮ್ ತುಂಬಿತು’ ಎಂದು ನೇರವಾಗಿ ಗಂಟು ಹಾಕಲು ಆಧಾರವಿಲ್ಲ.

ಹಾಗಾದರೆ ಸಂಬಂಧವೇ ಇಲ್ಲವೇ?

ಇರಬಹುದು ಎನ್ನಲು ಕಾರಣಗಳಿವೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಅದು ಕರಗಿದಾಗ ಕೆಳಗಿನ ಕಪ್ಪು ನೀರು ಬಿಸಿಲನ್ನು ಹೀರಿಕೊಳ್ಳುತ್ತದೆ, ಇನ್ನಷ್ಟು ಹಿಮ ಕರಗುತ್ತದೆ. ಧ್ರುವಕ್ಕೂ ಸಮಭಾಜಕಕ್ಕೂ ಇರುವ ಬಿಸಿಯ ಅಂತರ ಬದಲಾದರೆ ಆಕಾಶದ ಎತ್ತರದಲ್ಲಿ ಬೀಸುವ ಗಾಳಿಯ ದಾರಿಯೂ ಬದಲಾಗಬಹುದು.

ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾಗುವುದಕ್ಕೂ ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನಲ್ಲಿ ಸುರಿಯುವ ಅತಿ ಭಾರಿ ಮಳೆಗೂ ಸಂಬಂಧ ಇರಬಹುದು ಎಂಬುದು ಅದರ ಸಾರ. ಗಮನಿಸಿ, ಅವರು ಹೇಳಿದ್ದು ‘ಇರಬಹುದು’ ಎಂದು. ಹೇಳಿದ್ದೂ ಮಧ್ಯ ಭಾರತದ ಬಗ್ಗೆ, ಚಿತ್ರದುರ್ಗದ ಬಗ್ಗೆ ಅಲ್ಲ. ಆದರೂ ವಿಷಯ ಸಣ್ಣದಲ್ಲ. ಈರುಳ್ಳಿ ಕೀಳುವ, ಶೇಂಗಾ ಬಲಿಯುವ ಹೊತ್ತಿಗೆ ಬೀಳುವ ಮಳೆಯನ್ನು ಮುಂಚೆಯೇ ಅಂದಾಜು ಮಾಡಲು ಸಾಧ್ಯವಾದರೆ ಉಳಿಯುವುದು ರೈತರ ವರ್ಷದ ದುಡಿಮೆ.

ಭಾರತ ಅಲ್ಲಿ ಮಾಡುತ್ತಿರುವುದೇನು?

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ನೀ-ಒಲೆಸುಂಡ್ ಎಂಬ ಪುಟ್ಟ ಊರಿದೆ. ಹಿರಿಯೂರಿನಿಂದ ಸುಮಾರು 8 ಸಾವಿರ ಕಿ.ಮೀ. ದೂರ. ಅಲ್ಲಿ 2008ರ ಜುಲೈ 1ರಂದು ಭಾರತದ ‘ಹಿಮಾದ್ರಿ’ ಕೇಂದ್ರ ಶುರುವಾಯಿತು. 2014ರಲ್ಲಿ ಅಲ್ಲಿನ ಸಮುದ್ರದ ಒಳಚಾಚಿನಲ್ಲಿ ‘ಇಂಡ್‌ಆರ್ಕ್’ ಎಂಬ ಉಪಕರಣಗಳ ಸರಣಿಯನ್ನು ಇಳಿಬಿಡಲಾಯಿತು. ನೀರಿನ ಬಿಸಿ, ಉಪ್ಪಿನಂಶಗಳನ್ನು ಬೇರೆ ಬೇರೆ ಆಳದಲ್ಲಿ ಅಳೆಯುವುದು ಅದರ ಕೆಲಸ. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು.

ಈ ಊರಿನ ಕಥೆಯೂ ತಿಳಿಯಬೇಕಾದ್ದೇ. ಅದು ಮೊದಲು ಕಲ್ಲಿದ್ದಲು ಗಣಿಯ ಊರು. 1962ರಲ್ಲಿ ಗಣಿಯೊಳಗೆ ನಡೆದ ಸ್ಫೋಟದಲ್ಲಿ 21 ಜನ ಸತ್ತರು, ಮರುವರ್ಷ ಗಣಿ ಮುಚ್ಚಿತು. ಊರು ಹಾಳು ಬೀಳಲಿಲ್ಲ, ವಿಜ್ಞಾನದ ಊರಾಯಿತು. ಭಾರತ, ಚೀನಾ, ಜರ್ಮನಿ, ಜಪಾನ್, ಇಟಲಿ ಮುಂತಾದ ದೇಶಗಳ ಕೇಂದ್ರಗಳು ಅಕ್ಕಪಕ್ಕದಲ್ಲೇ ಇವೆ. ಅಲ್ಲಿ ಹೋದವರು ಫೋನಿನ ವೈಫೈ, ಬ್ಲೂಟೂತ್ ಬಂದ್ ಮಾಡಲೇಬೇಕು. ಇಲ್ಲದಿದ್ದರೆ ದೂರದ ಆಕಾಶಕಾಯಗಳಿಂದ ಬರುವ ರೇಡಿಯೋ ತರಂಗ ಹಿಡಿಯುವ ಅಲ್ಲಿನ ಸೂಕ್ಷ್ಮ ಆಂಟೆನಾಗಳಿಗೆ ಅಡ್ಡಿಯಾಗುತ್ತದೆ.

ಒಬ್ಬರೇ ಅಳೆದರೆ ಸಾಲದೇ?

ಸಾಲದು. ಒಂದು ಹಳ್ಳಿಯ ಮಳೆಮಾಪಕ ನೋಡಿ ಇಡೀ ಜಿಲ್ಲೆಯ ಮಳೆ ಹೇಳಲಾಗುವುದಿಲ್ಲವಲ್ಲ, ಹಾಗೆಯೇ. ಆರ್ಕ್ಟಿಕ್ ಸಾಗರದ ಕರಾವಳಿಯಲ್ಲಿ ಹೆಚ್ಚುಕಡಿಮೆ ಅರ್ಧ ರಷ್ಯಾದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಎಂಟು ದೇಶಗಳ ಆರ್ಕ್ಟಿಕ್ ಮಂಡಳಿಯಲ್ಲಿ ಉಳಿದ ಏಳು ದೇಶಗಳು ರಷ್ಯಾ ಜೊತೆಗಿನ ಕೆಲಸ ನಿಲ್ಲಿಸಿದವು. ಆಮೇಲೆ ಸ್ವಲ್ಪ ಸ್ವಲ್ಪವೇ ಕೆಲಸ ಮತ್ತೆ ಶುರುವಾಯಿತಾದರೂ ಹಳೆಯ ಸಹಕಾರ ಮರಳಿಲ್ಲ. ನಮ್ಮ ಮಳೆಗೆ ನಂಟಿರಬಹುದಾದ ಕಾರಾ ಸಮುದ್ರ ಇರುವುದೂ ರಷ್ಯಾದ ಕಡೆಗೇ. ಅಲ್ಲಿನ ಅಳತೆಗಳು ಹಂಚಿಕೆಯಾಗದಿದ್ದರೆ ‘ಇರಬಹುದು’ ಎಂಬುದು ‘ಹೌದು’ ಅಥವಾ ‘ಅಲ್ಲ’ ಆಗುವುದು ತಡವಾಗುತ್ತದೆ.

ಭಾರತ 2013ರಿಂದ ಈ ಮಂಡಳಿಯ ವೀಕ್ಷಕ ದೇಶ. 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ತನ್ನ ಆರ್ಕ್ಟಿಕ್ ನೀತಿಯಲ್ಲಿ ವಿಜ್ಞಾನದ ಜೊತೆಗೆ ಅಲ್ಲಿನ ಜನರ ಅಭಿವೃದ್ಧಿ, ಸಾರಿಗೆ, ಹಡಗು ಮಾರ್ಗಗಳ ಮಾತೂ ಇದೆ. ಅಂದರೆ ವ್ಯಾಪಾರದ ಲೆಕ್ಕವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಒಂದು ಡ್ಯಾಮ್, ಒಂದು ದಿನದ ಮಳೆಗೆ ಒಂದೇ ಕಾರಣ ಕೊಡುವ ಸಂದೇಶ ಬಂದರೆ ಅಲ್ಲೇ ನಿಲ್ಲಿಸಿ. ‘ನಮಗೂ ಅದಕ್ಕೂ ಸಂಬಂಧವೇ ಇಲ್ಲ’ ಎನ್ನುವ ಸಂದೇಶವನ್ನೂ ನಿಲ್ಲಿಸಿ. ಬಿತ್ತನೆ, ಕೊಯ್ಲಿನ ತೀರ್ಮಾನಕ್ಕಂತೂ ಫಾರ್ವರ್ಡ್ ನಂಬಬೇಡಿ, ಹವಾಮಾನ ಇಲಾಖೆಯ ಮುನ್ಸೂಚನೆ ಅಥವಾ ರಾಜ್ಯದ ‘ವರುಣ ಮಿತ್ರ’ ಸಹಾಯವಾಣಿಯನ್ನು ಕೇಳಿ.