ಒಂದೇ ಗಣಕದಲ್ಲಿ ವಿಂಡೋಸ್, ಲಿನಕ್ಸ್: ಒಂದನ್ನು ಮರುಸ್ಥಾಪಿಸುವಾಗ ಇನ್ನೊಂದನ್ನು ಉಳಿಸಿಕೊಳ್ಳುವುದು ಹೇಗೆ?

ಪುತ್ತೂರು: ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇರಿಸಿಕೊಳ್ಳುವ ಪದ್ಧತಿ ಮಹಾನಗರಗಳಿಗಷ್ಟೇ ಸೀಮಿತವಲ್ಲ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಹಾಗೂ ಈ ಎರಡೂ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಲಾದ ಕಡಬದಂತಹ ಊರುಗಳಲ್ಲೂ ಅದಕ್ಕೆ ಕಾರಣಗಳಿವೆ. ಪುತ್ತೂರಿನ ವಿವೇಕಾನಂದ, ಸುಳ್ಯದ ಕೆ.ವಿ.ಜಿ. ಮೊದಲಾದ ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಲಿನಕ್ಸ್ ಅನುಕೂಲ; ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆ ವಿಂಡೋಸ್ ಅನಿವಾರ್ಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಗಣಕಗಳಿಗೂ ಲಿನಕ್ಸ್ ಒಂದು ಆಸರೆಯಾಗಿದೆ.

ತೊಂದರೆ ಎದುರಾಗುವುದು ಎರಡರಲ್ಲಿ ಒಂದು ಕೆಟ್ಟಾಗ. ಅದನ್ನು ಮತ್ತೆ ಸ್ಥಾಪಿಸಲು ಹೊರಟವರು ಅವಸರದಲ್ಲಿ ಇಡೀ ಹಾರ್ಡ್‌ಡಿಸ್ಕನ್ನೇ ಅಳಿಸಿಬಿಟ್ಟರೆ ಪ್ರಾಜೆಕ್ಟ್ ವರದಿ, ತೋಟದ ಲೆಕ್ಕ, ಮನೆಯ ಭಾವಚಿತ್ರ ಎಲ್ಲವೂ ಒಮ್ಮೆಗೇ ಮಾಯವಾಗುತ್ತವೆ.

ಮೊದಲು ಮಾಡಬೇಕಾದ್ದು

ಎರಡೂ ವ್ಯವಸ್ಥೆಗಳಲ್ಲಿರುವ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅದೇ ಡಿಸ್ಕಿನ ಇನ್ನೊಂದು ವಿಭಾಗದಲ್ಲಿ ಇಟ್ಟ ಪ್ರತಿ ಸುರಕ್ಷಿತವಲ್ಲ. ಕನ್ನಡಿಗರು ಫಾಂಟುಗಳನ್ನೂ ಮರೆಯಬಾರದು. ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತವು, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಚಾಲನೆಯಲ್ಲಿದೆಯೇ ಎಂದು ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಚಾಲನೆಗೊಂಡಿರುವುದುಂಟು. ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಗಣಕ ಈ ಕೀಯನ್ನು ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಕಡತಗಳು ಕೈಗೆ ಸಿಗುವುದಿಲ್ಲ. 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವನ್ನೂ ನಿಲ್ಲಿಸಿ. ಅದು ವಿಂಡೋಸನ್ನು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿ ಇರಿಸುವುದರಿಂದ, ಆ ವಿಭಾಗಕ್ಕೆ ಲಿನಕ್ಸ್‌ನಿಂದ ಬರೆಯಲು ಹೋದರೆ ಕಡತಗಳು ಕೆಡುವ ಅಪಾಯವಿದೆ.

ಬಳಿಕ ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ತೆರೆದು, ಯಾವ ವಿಭಾಗ ಎಷ್ಟು ಜಿಬಿ, ಅದರಲ್ಲಿ ಏನಿದೆ ಎಂಬುದನ್ನು ಬರೆದುಕೊಳ್ಳಿ. ಇಡೀ ಕೆಲಸದಲ್ಲಿ ಈ ಚೀಟಿಯೇ ದಾರಿದೀಪ.

ವಿಂಡೋಸ್ ಮರುಸ್ಥಾಪನೆ

ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಅದರೊಳಗಿನ 'ರಿಸೆಟ್' ಸೌಲಭ್ಯವೇ ಸುಲಭದ ದಾರಿ. ಎಲ್ಲವನ್ನೂ ಅಳಿಸುವ ಆಯ್ಕೆ ಮಾಡುವವರು, 'ಎಲ್ಲ ಡ್ರೈವ್‌ಗಳು' ಎಂಬುದನ್ನು ಬಿಟ್ಟು 'ವಿಂಡೋಸ್ ಇರುವ ಡ್ರೈವ್ ಮಾತ್ರ' ಎಂಬುದನ್ನೇ ಆರಿಸಬೇಕು.

ಯುಎಸ್‌ಬಿ ಮೂಲಕ ಸ್ಥಾಪಿಸುವಾಗ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಲಿನಕ್ಸ್ ವಿಭಾಗಗಳು ವಿಂಡೋಸ್ ಸ್ಥಾಪಕನ ಪಟ್ಟಿಯಲ್ಲಿ ಹೆಸರಿಲ್ಲದೆ ಕಾಣಿಸುವುದರಿಂದ, ಅವು ಖಾಲಿ ವಿಭಾಗಗಳೆಂದು ಭಾವಿಸಿ ಅಳಿಸುವ ಸಂಭವವೇ ಹೆಚ್ಚು. ಗಾತ್ರವನ್ನು ಚೀಟಿಯೊಂದಿಗೆ ತಾಳೆ ನೋಡಿ, ಹಳೆಯ ವಿಂಡೋಸ್ ಇದ್ದ ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿ. ನೂರಾರು ಎಂಬಿಯ ಚಿಕ್ಕ ಇಎಫ್‌ಐ ವಿಭಾಗವನ್ನು ಮುಟ್ಟಬೇಡಿ. ಎರಡೂ ವ್ಯವಸ್ಥೆಗಳನ್ನು ಆರಂಭಿಸುವ ಕಡತಗಳು ಅಲ್ಲಿರುತ್ತವೆ.

ಮರುಸ್ಥಾಪನೆಯ ನಂತರ ಗಣಕ ನೇರವಾಗಿ ವಿಂಡೋಸ್‌ಗೆ ಹೋದರೆ ಗಾಬರಿ ಬೇಡ. ಲಿನಕ್ಸ್ ಅಳಿದಿಲ್ಲ, ವಿಂಡೋಸ್ ತನ್ನನ್ನು ಬೂಟ್ ಸಾಲಿನ ಮೊದಲಿಗೆ ಇರಿಸಿಕೊಂಡಿದೆ ಅಷ್ಟೆ. ಯುಇಎಫ್‌ಐ ಗಣಕಗಳಲ್ಲಿ ಸೆಟಪ್ ಪರದೆಗೆ ಹೋಗಿ ಉಬುಂಟು ಅಥವಾ ನಿಮ್ಮ ಲಿನಕ್ಸ್‌ನ ಹೆಸರನ್ನು ಮೇಲಕ್ಕೆ ತಂದರೆ ಬಹುತೇಕ ಸಾಕು. ಹಳೆಯ ಬಯಾಸ್ ಗಣಕಗಳಲ್ಲಾದರೆ ವಿಂಡೋಸ್ ಡಿಸ್ಕಿನ ಆರಂಭದ ಭಾಗವನ್ನೇ ತಿದ್ದಿ ಬರೆಯುತ್ತದೆ. ಆಗ ಲಿನಕ್ಸ್‌ನ ಲೈವ್ ಯುಎಸ್‌ಬಿಯಿಂದ ಗ್ರಬ್ ತಂತ್ರಾಂಶವನ್ನು ಮತ್ತೆ ಸ್ಥಾಪಿಸಬೇಕಾಗುತ್ತದೆ.

ಲಿನಕ್ಸ್ ಮರುಸ್ಥಾಪನೆ

'ಡಿಸ್ಕ್ ಅಳಿಸಿ ಸ್ಥಾಪಿಸು' ಎಂಬ ಆಯ್ಕೆಯ ಬಳಿ ಸುಳಿಯಬೇಡಿ. ವಿಭಾಗಗಳನ್ನು ನೀವೇ ಆರಿಸುವ ಮಾರ್ಗ ಹಿಡಿಯಿರಿ. ಲಿನಕ್ಸ್‌ನ ಮೂಲ ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿ. 'ಹೋಮ್' ವಿಭಾಗ ಪ್ರತ್ಯೇಕವಾಗಿದ್ದರೆ ಅದನ್ನು ಫಾರ್ಮ್ಯಾಟ್ ಮಾಡದೆ ಜೋಡಿಸಿದಾಗ ನಿಮ್ಮ ಕಡತಗಳು ಹಾಗೆಯೇ ಉಳಿಯುತ್ತವೆ. ಇಎಫ್‌ಐ ವಿಭಾಗಕ್ಕೂ ಇದೇ ನಿಯಮ: ಬಳಸಿ, ಅಳಿಸಬೇಡಿ.

ಕರೆಂಟು, ಗಡಿಯಾರ

ಈ ಭಾಗದಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು, ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲು ಅಬ್ಬರಿಸುವುದು ಹೊಸದಲ್ಲ. ವಿಭಾಗಗಳನ್ನು ತಿದ್ದುತ್ತಿರುವಾಗ ಕರೆಂಟು ಹೋದರೆ ಡಿಸ್ಕಿನ ರಚನೆಯೇ ಹಾಳಾಗಬಹುದು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಆಕಾಶ ಗುಡುಗುತ್ತಿದ್ದರೆ ಕೆಲಸವನ್ನು ಮರುದಿನ ಬೆಳಿಗ್ಗೆಗೆ ಮುಂದೂಡುವುದೇ ಲೇಸು.

ಎಲ್ಲ ಮುಗಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಅದು ದೋಷವಲ್ಲ. ಗಣಕದ ಒಳಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದೂ ವಿಂಡೋಸ್ ಸ್ಥಳೀಯ ಸಮಯವೆಂದೂ ಓದುತ್ತವೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸ್‌ಗೆ ಸೂಚಿಸಿದರೆ ಸರಿಹೋಗುತ್ತದೆ.

ಮುಂದೆಯೂ ಒಂದು ಲೈವ್ ಯುಎಸ್‌ಬಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಪರಿಷ್ಕರಣೆಯೊಂದರ ಬಳಿಕ, ಎರಡೂ ವ್ಯವಸ್ಥೆಗಳಿದ್ದ ಹಲವು ಗಣಕಗಳಲ್ಲಿ ಲಿನಕ್ಸ್ ಆರಂಭವಾಗದೆ ನಿಂತಿತ್ತು. ಬಳಕೆದಾರರು ಏನನ್ನೂ ಬದಲಿಸದಿದ್ದರೂ ಇಂತಹ ಸಂದರ್ಭ ಎದುರಾಗಬಹುದು. ಆಗ ನೆರವಿಗೆ ಬರುವುದು ಆ ಪೆನ್‌ಡ್ರೈವ್, ಹೊರಗಿನ ಡಿಸ್ಕಿನಲ್ಲಿರುವ ಪ್ರತಿ ಮತ್ತು ವಿಭಾಗಗಳ ಚೀಟಿ.