ಮನೆಯ ಫೋಟೋಗಳಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಮ್ಮಲ್ಲಿ ಹೆಚ್ಚಿನವರ ಮನೆಯ ಫೋಟೋಗಳು ಒಂದೇ ಕಡೆ ಇರುವುದಿಲ್ಲ. ಸ್ವಲ್ಪ ಕಪಾಟಿನ ಆಲ್ಬಮ್‌ನಲ್ಲಿ, ಸ್ವಲ್ಪ ಮದುವೆಗೆ ಬಂದ ಸ್ಟುಡಿಯೋದವರು ಕೊಟ್ಟ ಸಿ.ಡಿ.ಯಲ್ಲಿ, ಉಳಿದದ್ದೆಲ್ಲ ಮೊಬೈಲ್‌ಗಳಲ್ಲಿ. ಗಲ್ಫ್‌ನಲ್ಲಿ ಯಾರಾದರೂ ಇದ್ದರೆ ಅವರ ಫೋನಿನಲ್ಲಿ ಇನ್ನೊಂದು ರಾಶಿ. ಕಳೆದ ಬೇಸಿಗೆ ರಜೆಯಲ್ಲಿ ಭಟ್ಕಳದ ನಮ್ಮ ಮನೆ, ಹೊನ್ನಾವರದ ಚಾಚಾ ಮನೆ, ಕುಮಟಾದ ನಾನಿ ಮನೆ ಈ ಮೂರೂ ಕಡೆಯ ಫೋಟೋಗಳನ್ನು ನಾನು ಒಂದು ಲ್ಯಾಪ್‌ಟಾಪ್‌ಗೆ ತಂದೆ. ಒಟ್ಟು 14,600 ಫೈಲ್‌ಗಳು, 52 ಜಿ.ಬಿ. ಇಷ್ಟನ್ನು ಜೋಡಿಸಿ ಸರಿಪಡಿಸಲು ಯಾವ ಸಾಫ್ಟ್‌ವೇರ್ ಬೇಕು ಎಂದು ಹುಡುಕುವಾಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದೆಲ್ಲ ಯಾಕೆ ಬೇಕಾಯಿತು ಎಂದು ಕೆಲವರು ಕೇಳಿದರು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು, ಅಂಗಡಿಗಳಿಗೂ ತಗ್ಗಿನ ಮನೆಗಳಿಗೂ ನೀರು ನುಗ್ಗಿತು. ಆ ದುಃಖದ ಮುಂದೆ ನಮ್ಮ ನಷ್ಟ ಏನೂ ಅಲ್ಲ. ಆದರೂ ಹೇಳುತ್ತೇನೆ: ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ದಾದಾ ಅವರ ಆಲ್ಬಮ್ ನೀರಿನಲ್ಲಿ ಮುಳುಗಿತು. ನಲವತ್ತು ಫೋಟೋಗಳಲ್ಲಿ ಹನ್ನೊಂದು ಉಳಿದವು. ದಾದಾ ಅವರನ್ನು ನಾನು ನೋಡಿಲ್ಲ. ನನಗೆ ಅವರೆಂದರೆ ಆ ಹನ್ನೊಂದು ಫೋಟೋಗಳೇ.

ಸಾಫ್ಟ್‌ವೇರ್ ಎಂದರೆ ಎಲ್ಲರೂ ಮೊದಲು ಕೇಳುವುದು ಫಿಲ್ಟರ್ ಎಷ್ಟಿದೆ, ಮುಖ ಬೆಳ್ಳಗೆ ಮಾಡುತ್ತದೆಯೇ ಎಂದು. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಒಂದು ಫೋಟೋದ ಮೇಲೆ ನಾವು 'ಇದು ನಾನಿ, ಕುಮಟಾ, 1994' ಎಂದು ಬರೆದರೆ ಆ ಸಾಫ್ಟ್‌ವೇರ್ ಅದನ್ನು ಎಲ್ಲಿ ಬರೆದಿಡುತ್ತದೆ?

ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋಡೌನ್‌ನಲ್ಲಿ ಸರಕು ಇದೆ, ಆಫೀಸಿನಲ್ಲಿ ಸ್ಟಾಕ್ ಪುಸ್ತಕ ಇದೆ. ಚೀಟಿಯನ್ನು ಮೂಟೆಗೇ ಅಂಟಿಸಿದ್ದರೆ ಪುಸ್ತಕ ಕಳೆದುಹೋದರೂ ಮೂಟೆಯಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ವಿವರ ಪುಸ್ತಕದಲ್ಲಿ ಮಾತ್ರ ಇದ್ದರೆ, ಪುಸ್ತಕ ಹೋದ ದಿನ ಎಲ್ಲ ಮೂಟೆಯೂ ಒಂದೇ. ಫೋಟೋ ಫೈಲ್‌ನ ಒಳಗೂ ಇಂಥ ಚೀಟಿಗೆ ಜಾಗ ಇದೆ. ಕ್ಯಾಮೆರಾ ತಾನಾಗಿಯೇ ಬರೆಯುವ ದಿನಾಂಕ, ಗಂಟೆ, ಕ್ಯಾಮೆರಾದ ಮಾದರಿ ಇವುಗಳಿಗೆ ಎಕ್ಸಿಫ್ ಎನ್ನುತ್ತಾರೆ. ನಾವು ಬರೆಯುವ ಶೀರ್ಷಿಕೆ, ಹೆಸರು, ಟ್ಯಾಗ್‌ಗಳಿಗೆ ಐಪಿಟಿಸಿ ಮತ್ತು ಎಕ್ಸ್‌ಎಂಪಿ ಎಂಬ ಬೇರೆ ಜಾಗಗಳಿವೆ. ಕೆಲವು ಸಾಫ್ಟ್‌ವೇರ್‌ಗಳು ಅಲ್ಲಿ ಬರೆಯುತ್ತವೆ, ಕೆಲವು ತಮ್ಮದೇ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತವೆ.

ಚಾಚಾ ಅವರ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪಿಕಾಸಾ ಇತ್ತು. ಒಂದು ಕಾಲದಲ್ಲಿ ಮನೆಮನೆಯಲ್ಲೂ ಅದೇ. ಗೂಗಲ್ 2004ರಲ್ಲಿ ಅದನ್ನು ಕೊಂಡು ಉಚಿತವಾಗಿ ಕೊಟ್ಟಿತು, 2016ರಲ್ಲಿ ನಿಲ್ಲಿಸಿತು. ಹಾಕಿಟ್ಟ ಪ್ರತಿ ಈಗಲೂ ತೆರೆಯುತ್ತದೆ, ಆದರೆ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಚಾಚಾ ಅದರಲ್ಲಿ ಎಷ್ಟೋ ಈದ್, ಎಷ್ಟೋ ಮದುವೆಗಳ ಫೋಟೋ ಜೋಡಿಸಿದ್ದರು. ಆ ಫೋಲ್ಡರ್‌ಗಳನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಅವರು ಫೋಟೋದ ಕೆಳಗೆ ಟೈಪ್ ಮಾಡಿದ್ದ ಸಾಲುಗಳೆಲ್ಲ ಹಾಗೇ ಬಂದವು, ಯಾಕೆಂದರೆ ಪಿಕಾಸಾ ಅವನ್ನು ಫೋಟೋದ ಒಳಗೇ ಬರೆದಿತ್ತು. ಮುಖಗಳಿಗೆ ಕೊಟ್ಟಿದ್ದ ಹೆಸರುಗಳು ಮಾತ್ರ ಬರಲಿಲ್ಲ. ಅವು ಪ್ರತಿ ಫೋಲ್ಡರ್‌ನಲ್ಲೂ ಅಡಗಿಸಿಟ್ಟ ಒಂದು ಸಣ್ಣ ಐಎನ್‌ಐ ಫೈಲ್‌ನಲ್ಲಿದ್ದವು. ಬಣ್ಣ ಸರಿಪಡಿಸಿ 'ಸೇವ್' ಒತ್ತದೆ ಬಿಟ್ಟ ಫೋಟೋಗಳೂ ಮೊದಲಿನ ಹಾಗೇ ಕಂಡವು, ಏಕೆಂದರೆ ಆ ತಿದ್ದುಪಡಿಯೂ ಅದೇ ಐಎನ್‌ಐ ಫೈಲ್‌ನಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ಪಿಕಾಸಾ ಇರುವ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ಅದರಲ್ಲೇ ಎಲ್ಲ ಫೋಟೋಗಳನ್ನು ಸೇವ್ ಮಾಡಿ. ಮುಖದ ಹೆಸರುಗಳನ್ನು ಫೋಟೋದ ಒಳಗೆ ಬರೆಯುವ ಆಯ್ಕೆ ಪಿಕಾಸಾದ ಕೊನೆಯ ಆವೃತ್ತಿಗಳಲ್ಲಿದೆ. ಅದನ್ನೂ ಒಮ್ಮೆ ಉಪಯೋಗಿಸಿ.

ಎರಡನೆಯ ಪ್ರಶ್ನೆ ಹಣದ್ದು. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿ.ಬಿ. ಮಾತ್ರ ಉಚಿತ. ನಮ್ಮದು 52 ಜಿ.ಬಿ. ಹಣ ಕಟ್ಟಿ ಜಾಗ ಪಡೆಯಬಹುದು, ಆದರೆ ಅದು ಬಾಡಿಗೆ. ಕಟ್ಟುವುದು ನಿಂತರೆ ಮುಂದೇನು ಎಂದು ಯೋಚಿಸಬೇಕು. ಅಡೋಬಿ ಲೈಟ್‌ರೂಮ್ ಕೂಡ ಚಂದಾ ಕಟ್ಟಿಯೇ ಬಳಸುವಂಥದ್ದು, ಸ್ಟುಡಿಯೋ ನಡೆಸುವವರಿಗೆ ಸರಿ. ಅಕೌಂಟೆನ್ಸಿ ಭಾಷೆಯಲ್ಲಿ ಚಂದಾ ಎಂದರೆ ರೆವಿನ್ಯೂ ಖರ್ಚು, ಹಾರ್ಡ್ ಡಿಸ್ಕ್ ಕೊಳ್ಳುವುದು ಕ್ಯಾಪಿಟಲ್ ಖರ್ಚು. ಅಬ್ಬಾ ಎರಡನೆಯದಕ್ಕೆ ಒಪ್ಪಿದರು.

ಅಬ್ಬಾ ಒಪ್ಪಲು ಇನ್ನೊಂದು ಕಾರಣವೂ ಇತ್ತು. ಅಮ್ಮಿ, ಆಪಾ, ಖಾಲಾಗಳ ಫೋಟೋಗಳು ಮನೆಯ ಹೊರಗೆ ಹೋಗಬಾರದು ಎಂದು ಅವರು ಮೊದಲೇ ಹೇಳಿದ್ದರು. ಇದು ನಮ್ಮ ಮನೆಗಷ್ಟೇ ಸೇರಿದ ಮಾತಲ್ಲ, ಯಾರ ಮನೆಯಲ್ಲಾದರೂ ಇರುವಂಥದ್ದೇ. ಹಾಗಾಗಿ ಮೂರನೆಯ ಪ್ರಶ್ನೆ: ಇಂಟರ್‌ನೆಟ್ ತೆಗೆದುಹಾಕಿದರೂ ಇದು ಕೆಲಸ ಮಾಡುತ್ತದೆಯೇ? 'ಒಂದೇ ಕ್ಲಿಕ್‌ನಲ್ಲಿ ಹಳೆಯ ಫೋಟೋ ಹೊಸದು' ಎನ್ನುವ ಆ್ಯಪ್‌ಗಳಲ್ಲಿ ಎಷ್ಟೋ ನಮ್ಮ ಫೋಟೋವನ್ನು ತಮ್ಮ ಸರ್ವರ್‌ಗೆ ಕಳಿಸಿಯೇ ಕೆಲಸ ಮಾಡುವುದು.

ಈ ಮೂರು ಪ್ರಶ್ನೆ ಹಿಡಿದು ಹುಡುಕಿದಾಗ ನಾಲ್ಕು ಸಾಫ್ಟ್‌ವೇರ್ ನನಗೆ ಸಿಕ್ಕವು. ಬರೀ ನೋಡಲು, ಗಾತ್ರ ಕಡಿಮೆ ಮಾಡಲು, ಒಟ್ಟಿಗೆ ನೂರು ಫೋಟೋ ತಿರುಗಿಸಲು ಇರ್ಫಾನ್‌ವ್ಯೂ ಸಾಕು. ಬೋಸ್ನಿಯಾದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಓದಿದ ಇರ್ಫಾನ್ ಶ್ಕಿಲ್ಯಾನ್ ಎಂಬವರು 1996ರಲ್ಲಿ ಇದನ್ನು ಬಿಡುಗಡೆ ಮಾಡಿ ತಮ್ಮ ಹೆಸರನ್ನೇ ಇಟ್ಟರು. (ನಮ್ಮ ತರಗತಿಯ ಇಬ್ಬರು ಇರ್ಫಾನ್‌ಗಳಿಗೆ ಇದನ್ನು ಹೇಳಿದಾಗಿನಿಂದ ತಾವೇ ಮಾಡಿದ ಹಾಗೆ ಓಡಾಡುತ್ತಿದ್ದಾರೆ.) ತೀರಾ ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಎಕ್ಸ್‌ಎನ್‌ವ್ಯೂ ಎಂಪಿ ಇದಕ್ಕಿಂತ ದೊಡ್ಡದು, ಮನೆ ಬಳಕೆಗೆ ಉಚಿತ. ಆದರೆ ನಾನು ಆರಿಸಿದ್ದು ಡಿಜಿಕ್ಯಾಮ್. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬರುತ್ತದೆ. ಮುಖ ಗುರುತಿಸುತ್ತದೆ. ಅದಕ್ಕೆ ಮೊದಲ ಸಲ ಕೆಲವು ನೂರು ಎಂ.ಬಿ. ಡೌನ್‌ಲೋಡ್ ಆಗಬೇಕು, ಆಮೇಲೆ ಗುರುತಿಸುವ ಕೆಲಸವೆಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಸೆಟ್ಟಿಂಗ್ಸ್‌ನ ಮೆಟಾಡೇಟಾ ವಿಭಾಗಕ್ಕೆ ಹೋಗಿ, ಟ್ಯಾಗ್ ಮತ್ತು ಹೆಸರುಗಳನ್ನು ಫೈಲ್‌ಗೇ ಬರೆಯುವ ಜಾಗದಲ್ಲಿ ಟಿಕ್ ಇದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ನಾಳೆ ಡಿಜಿಕ್ಯಾಮ್ ನಿಂತುಹೋದರೂ ಪಿಕಾಸಾದ ಕತೆ ಆಗುವುದಿಲ್ಲ. ತಿದ್ದಿದ ಫೋಟೋವನ್ನು ಮೂಲದ ಮೇಲೆ ಬರೆಯದೆ 'ವಿ1' ಎಂದು ಸೇರಿಸಿ ಬೇರೆಯಾಗಿ ಇಡುತ್ತದೆ. ಇದು ನನಗೆ ಬಹಳ ಹಿಡಿಸಿತು. ಕಷ್ಟವೂ ಇದೆ: ಬಟನ್‌ಗಳು ತುಂಬಾ ಹೆಚ್ಚು, 4 ಜಿ.ಬಿ. ರ‍್ಯಾಮ್ ಇರುವ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮುಖ ಹುಡುಕಲು ಎರಡು ರಾತ್ರಿ ಹಿಡಿಯಿತು.

ಒಂದೇ ಥರದ ಫೋಟೋ ಹುಡುಕುವ ಸೌಲಭ್ಯವೂ ಅದರಲ್ಲಿದೆ. ನಮ್ಮಲ್ಲಿ 3,000ಕ್ಕೂ ಹೆಚ್ಚು ಸಿಕ್ಕವು, ಬಹುತೇಕ ವಾಟ್ಸ್ಆ್ಯಪ್‌ನವು. ಒಂದೇ ಫೋಟೋ ನಾಲ್ಕು ಫ್ಯಾಮಿಲಿ ಗ್ರೂಪ್‌ಗಳಿಂದ ನಾಲ್ಕು ಸಲ ಬಂದಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸುವುದಲ್ಲದೆ ಎಕ್ಸಿಫ್ ಚೀಟಿಯನ್ನೂ ಕಿತ್ತುಹಾಕುತ್ತದೆ. ಫೈಲ್ ಹೆಸರಿನಲ್ಲಿ ಕಾಣುವ ದಿನಾಂಕ ಫೋಟೋ ತೆಗೆದ ದಿನದ್ದಲ್ಲ, ವಾಟ್ಸ್ಆ್ಯಪ್‌ನಲ್ಲಿ ಬಂದ ದಿನದ್ದು. ಹೀಗಾಗಿ 2011ರ ಒಂದು ನಿಕಾಹ್ ನಮ್ಮಲ್ಲಿ 2019ರಲ್ಲಿ ಹೋಗಿ ಕೂತಿತ್ತು. ರಿಯಾದ್‌ನಲ್ಲಿರುವ ಅಣ್ಣನಿಗೆ ಇನ್ನು ಮುಂದೆ ಫೋಟೋಗಳನ್ನು 'ಡಾಕ್ಯುಮೆಂಟ್' ಆಗಿ ಕಳಿಸು ಎಂದು ಹೇಳಿದ್ದೇನೆ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ.

ಹೆಸರು ಯಾವ ಲಿಪಿಯಲ್ಲಿ ಬರೆಯಬೇಕು ಎಂಬುದಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಡಿಜಿಕ್ಯಾಮ್ ಕನ್ನಡ, ಉರ್ದು ಎರಡನ್ನೂ ತೆಗೆದುಕೊಳ್ಳುತ್ತದೆ. ಆದರೆ ಉರ್ದುವಿನಲ್ಲಿ ಬರೆದದ್ದು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ವ್ಯಕ್ತಿಯ ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ, ಊರಿನ ಹೆಸರು ಕನ್ನಡದಲ್ಲಿ, ದಾದಿ ಹೇಳುವ ಕತೆ ಉರ್ದುವಿನಲ್ಲಿ ಎಂದು ತೀರ್ಮಾನವಾಯಿತು. ಪಾಸ್‌ಪೋರ್ಟ್ ಸ್ಪೆಲಿಂಗ್ ಆದರೆ ಯಾರೂ ವಾದ ಮಾಡುವಂತಿಲ್ಲ.

ಇನ್ನು ಹಾಳಾದ ಫೋಟೋ ಸರಿಪಡಿಸುವುದು. ಇದಕ್ಕೆ ನಾಲ್ಕನೆಯದಾದ ಗಿಂಪ್ ಬೇಕು, ಅದೂ ಉಚಿತ. ನನಗೆ ಇದನ್ನು ಹೇಳಿಕೊಟ್ಟವಳು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿರುವ ನನ್ನ ಖಾಲಾ ಮಗಳು. ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುತ್ತಾರೆ, ಅಲ್ಲಿಯ ಕನ್ನಡ ಮಾಧ್ಯಮದವರಿಗೆ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ. ಅವಳು ಹೈಸ್ಕೂಲಿನಲ್ಲೇ ಗಿಂಪ್ ಕಲಿತಿದ್ದಾಳೆ. ನಮಗೆ ಅದರ ಹೆಸರೂ ಗೊತ್ತಿರಲಿಲ್ಲ.

ಮೊದಲು ಸ್ಕ್ಯಾನ್ ಸರಿಯಾಗಬೇಕು. ಝೆರಾಕ್ಸ್ ಅಂಗಡಿಯಲ್ಲಿ ಸುಮ್ಮನೆ ಕೊಟ್ಟರೆ ಕಡಿಮೆ ಡಿಪಿಐನಲ್ಲಿ ಪಿಡಿಎಫ್ ಮಾಡಿ ಕೊಡಬಹುದು. 600 ಡಿಪಿಐ, ಜೆಪೆಗ್ ಅಥವಾ ಟಿಫ್ ಎಂದು ಕೇಳಿ. 4 ಇಂಚು ಅಗಲ 6 ಇಂಚು ಉದ್ದದ ಫೋಟೋ ಆಗ 2400 ಮತ್ತು 3600 ಚುಕ್ಕಿಗಳಾಗುತ್ತದೆ, ಅಂದರೆ ಸುಮಾರು 86 ಲಕ್ಷ ಪಿಕ್ಸೆಲ್. ಸರಿಪಡಿಸಲು ಅಷ್ಟು ಸಾಕು. ನೀರು ತಾಗಿ ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಬೇಡಿ, ಬಣ್ಣದ ಪದರವೇ ಗಾಜಿಗೆ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ನಂತರ ಗಿಂಪ್‌ನಲ್ಲಿ 'ಲೆವೆಲ್ಸ್' ತೆರೆದರೆ ಕೆಂಪಾಗಿ ಮಂಕಾದ ಬಣ್ಣ ಬಹಳಷ್ಟು ಮರಳಿ ಬರುತ್ತದೆ. ಬಿರುಕು, ಬೂಷ್ಟಿನ ಕಲೆಗಳಿಗೆ 'ಹೀಲ್' ಎಂಬ ಸಾಧನ. ಪಕ್ಕದ ಒಳ್ಳೆಯ ಜಾಗವನ್ನು ನೋಡಿ ಕಲೆಯನ್ನು ಮುಚ್ಚುತ್ತದೆ. ಬಟ್ಟೆ, ಗೋಡೆ, ಆಕಾಶಕ್ಕೆ ಇದು ತುಂಬಾ ಚೆನ್ನಾಗಿದೆ. ಮುಖಕ್ಕೆ ಬಳಸುವಾಗ ಮಾತ್ರ ಬಹಳ ಸಣ್ಣ ಬ್ರಷ್ ಬೇಕು.

ಮುಖದ ವಿಷಯ ಬಂದದ್ದರಿಂದ ಹೇಳುತ್ತೇನೆ. ಶರಾವತಿ ದಂಡೆಯಲ್ಲಿ ದಾದಾ ನಿಂತಿರುವ ಫೋಟೋದಲ್ಲಿ ಮುಖದ ಎಡಭಾಗ ನೀರಿನಿಂದ ಅಳಿಸಿಹೋಗಿದೆ. ಅಣ್ಣ ತನ್ನ ಫೋನಿನ ಎಐ ಆ್ಯಪ್‌ನಲ್ಲಿ ಅದನ್ನು ಹಾಕಿದ. ಅರ್ಧ ನಿಮಿಷದಲ್ಲಿ ಎರಡು ಕಣ್ಣೂ ಇರುವ, ಸಿನಿಮಾದವರ ಹಾಗೆ ನಯವಾದ ಮುಖ ಬಂತು. ದಾದಿಗೆ ತೋರಿಸಿದೆವು. ಅವರು ತುಂಬಾ ಹೊತ್ತು ನೋಡಿ "ಯೇ ಕೌನ್ ಹೈ ಬೇಟಾ?" ಎಂದರು. ಆ ಆ್ಯಪ್ ದಾದಾ ಅವರನ್ನು ನೋಡಿಲ್ಲ. ಎಷ್ಟೋ ಜನರ ಮುಖ ನೋಡಿ ಹೀಗಿರಬಹುದು ಎಂದು ಊಹಿಸಿ ಬರೆಯುತ್ತದೆ, ಅಷ್ಟೇ. ನಾನು ಆ ಫೋಟೋದ ಬಣ್ಣ ಸರಿ ಮಾಡಿ, ಆಕಾಶದ ಕಲೆ ತೆಗೆದು, ಅರ್ಧ ಮುಖವನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲ ಮಾಡಿ ಒಂದೇ ಡಿಸ್ಕ್‌ನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಇರಲಿ ಎಂದು ಫೋಟೋಗ್ರಾಫರ್‌ಗಳು ಹೇಳುತ್ತಾರೆ. ನಮ್ಮದು ಒಂದು ಲ್ಯಾಪ್‌ಟಾಪ್‌ನಲ್ಲಿ, ಒಂದು ಮಹಡಿಯ ಮೇಲೆ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಸುಮಾರು 60 ಕಿ.ಮೀ. ದೂರದ ಕುಮಟಾದಲ್ಲಿ ನಾನಿ ಮನೆಯಲ್ಲಿದೆ. ನಮ್ಮ ಕರಾವಳಿಯ ತೇವಕ್ಕೆ ಡಿಸ್ಕ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇವೆ. ಸಿ.ಡಿ.ಗಳನ್ನು ನಂಬಬೇಡಿ. ನಮ್ಮ ಒಂಬತ್ತರಲ್ಲಿ ನಾಲ್ಕು ತೆರೆಯಲೇ ಇಲ್ಲ.

ಈಗ ಉಳಿದಿರುವ ಕೆಲಸ ಸಾಫ್ಟ್‌ವೇರ್‌ನದ್ದಲ್ಲ. ಡಿಜಿಕ್ಯಾಮ್ 212 ಮುಖಗಳನ್ನು 'ಗೊತ್ತಿಲ್ಲ' ಎಂದು ಪ್ರತ್ಯೇಕ ಇಟ್ಟಿದೆ. ಅಬ್ಬಾಗೂ ಚಾಚಾಗೂ ಅವರು ಯಾರೆಂದು ಗೊತ್ತಿಲ್ಲ. ಗೊತ್ತಿರುವುದು ಎಂಬತ್ತೊಂದು ವರ್ಷದ ದಾದಿಗೆ ಮಾತ್ರ. ಒಮ್ಮೆಗೆ ಹತ್ತು ಹನ್ನೆರಡು ಮುಖ ನೋಡಿದರೆ ಅವರ ಕಣ್ಣು ದಣಿಯುತ್ತದೆ. ಶುಕ್ರವಾರ ಅಸರ್ ನಮಾಝ್ ಆದ ಮೇಲೆ ಕುಳಿತುಕೊಳ್ಳುತ್ತೇವೆ. ಇಲ್ಲಿಯವರೆಗೆ 64 ಆಗಿದೆ.

ಡಿಜಿಕ್ಯಾಮ್ ಮತ್ತು ಗಿಂಪ್ ಎರಡರ ಫೈಲೂ ನನ್ನ ಪೆನ್‌ಡ್ರೈವ್‌ನಲ್ಲಿವೆ. ಬೇಕಾದವರು ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕೇಳಿ. ಪೆನ್‌ಡ್ರೈವ್ ಮಾತ್ರ ವಾಪಸ್ ಕೊಡಬೇಕು.