ದಡದಲ್ಲೇ ಮುಗಿಯಬೇಕಾದ ಕೆಲಸ

ಸಂಗನಕಲ್ಲಿನವರಾದ ನಮಗೆ ಬಂಡೆ ಪರಿಚಿತ, ನದಿ ಅಪರಿಚಿತ. ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಸೆದ ಗುಡ್ಡಗಳು ನಮ್ಮ ಮನೆಬಾಗಿಲಲ್ಲೇ ಇವೆ. ಆದರೆ ಈ ಸೀಮೆಯ ಹಗರಿ ವರ್ಷದ ಬಹುಕಾಲ ಬರೀ ಮರಳಿನ ಹಾಸು. ತುಂಬಿ ಹರಿಯುವ ಹೊಳೆಯನ್ನು ಕಾಣಬೇಕಾದರೆ ತುಂಗಭದ್ರೆಯ ದಡದ ಕಂಪ್ಲಿಗೋ ಸಿರುಗುಪ್ಪಕ್ಕೋ ಹೋಗಬೇಕು.

ಇತ್ತೀಚೆಗೆ ಪರಿಚಯದ ಕೆಲವು ಯುವ ಉದ್ಯೋಗಿಗಳು ತುಂಗಭದ್ರೆಯಲ್ಲಿ ಗುಂಪಾಗಿ ಕಯಾಕ್ ಪ್ರವಾಸ ಹೊರಡುವುದಾಗಿ ಹೇಳಿ, ಖರ್ಚಿನ ಪಟ್ಟಿಯೊಂದನ್ನು ನನ್ನ ಮುಂದಿಟ್ಟರು. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದವನಿಗೆ ಪಟ್ಟಿ ಕಂಡರೆ ಪೂರ್ತಿ ಓದುವ ಚಟ. ವಾಹನ, ಊಟ, ದೋಣಿ ಬಾಡಿಗೆ, ಮೇಲಿನಿಂದ ಚಿತ್ರ ತೆಗೆಯುವ ಡ್ರೋನ್ ಎಲ್ಲವೂ ಅದರಲ್ಲಿದ್ದವು. ಲೈಫ್ ಜಾಕೆಟ್‌ಗೆ ಮಾತ್ರ ಬಿಡಿಗಾಸೂ ಇರಲಿಲ್ಲ. ಕೇಳಿದಾಗ, 'ಎಲ್ಲರಿಗೂ ಈಜು ಬರುತ್ತೆ ಸಾರ್' ಎಂದರು.

ಬಾವಿಯಲ್ಲಿ ಕಲಿತ ಈಜು ನಿಂತ ನೀರಿನ ವಿದ್ಯೆ. ಹರಿಯುವ ನೀರಿನ ಲೆಕ್ಕವೇ ಬೇರೆ. 2025ರ ಫೆಬ್ರುವರಿಯಲ್ಲಿ ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ ಬಂಡೆಯ ಮೇಲಿಂದ ತುಂಗಭದ್ರೆಗೆ ಹಾರಿದ ಪ್ರವಾಸಿಯೊಬ್ಬರು ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ, ಪ್ರವಾಹದ ದಿನವೂ ಅಲ್ಲ.

ನಮ್ಮ ಭಾಗದ ತುಂಗಭದ್ರೆಯನ್ನು ಆಕಾಶ ನೋಡಿ ಅಳೆಯಲಾಗದು. ಮಳೆ ಸುರಿಯುವುದು ದೂರದ ಮಲೆನಾಡಿನಲ್ಲಿ. ನೀರು ಬಿಡುವುದು ಹೊಸಪೇಟೆಯ ಅಣೆಕಟ್ಟೆಯಲ್ಲಿ. ಇಲ್ಲಿ ಸುಡುಬಿಸಿಲಿರುವಾಗಲೇ ನದಿ ಏರಬಹುದು. ಆ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟ್‌ಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಅದೊಂದರಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆದು ಒಟ್ಟು ಒಂದು ಲಕ್ಷ ಕ್ಯುಸೆಕ್‌ನಷ್ಟು ನೀರನ್ನು ಹೊರಬಿಡಬೇಕಾಯಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್! ಹೀಗಾಗಿ ಪ್ರವಾಸದ ಮೊದಲ ಸಿದ್ಧತೆ, ಅಂದಿನ ಹೊರಹರಿವು ಎಷ್ಟು, ಅದು ಹೆಚ್ಚುವ ಸೂಚನೆ ಇದೆಯೇ ಎಂದು ವಿಚಾರಿಸುವುದು. ಹಿಂದಿನ ದಿನ ಕೇಳಿದರೆ ಸಾಲದು. ಹೊರಡುವ ಬೆಳಿಗ್ಗೆಯೂ ಕೇಳಬೇಕು.

ಎರಡನೆಯದು ಹಾದಿಯ ಪರಿಚಯ. ಕಂಪ್ಲಿ, ಸಿರುಗುಪ್ಪ ಭಾಗದ ಹಳೆಯ ಕಾಲುವೆಗಳಿಗೆ ನೀರು ತಿರುಗಿಸಲು ವಿಜಯನಗರದ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಗಳಿವೆ. ಮೇಲಿನಿಂದ ಬರುವ ಕಯಾಕಿನವನಿಗೆ ಅಣೆ ಕಾಣಿಸುವುದಿಲ್ಲ. ನೀರು ಸಮತಟ್ಟಾಗಿಯೇ ತೋರುತ್ತದೆ. ಅಣೆಯ ಕೆಳಗೆ ಬಿದ್ದ ನೀರು ಹಿಂದಕ್ಕೆ ಸುರುಳಿಯಾಗಿ ತಿರುಗಿ, ಸಿಕ್ಕಿದವನನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ. ಅಣೆಗೆ ಬಹಳ ಮುಂಚೆಯೇ ದಡ ಸೇರಿ, ದೋಣಿಯನ್ನು ಹೊತ್ತು ದಾಟುವುದೇ ಜಾಣತನ. ಮರಳು ತೆಗೆದ ಗುಂಡಿಗಳೂ ಮೊಸಳೆಗಳೂ ಈ ನದಿಯಲ್ಲಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿರುವುದರಿಂದ, ಅಲ್ಲಿಗೆ ಇಳಿಯುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಬೇಕು.

ಇವೆಲ್ಲವನ್ನೂ ಬಲ್ಲವರು ಹರಿಗೋಲು ಹಾಕುವ ಅಂಬಿಗರು. ಐನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆತ್ತ ಹೆಣೆದು ಚರ್ಮ ಹೊದಿಸಿದ, ಸುತ್ತುತ್ತಲೇ ಸಾಗುವ ಈ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಎಲ್ಲಿ ಸುಳಿ, ಎಲ್ಲಿ ಮುಳುಗಿದ ಬಂಡೆ ಎಂಬುದು ಮೊಬೈಲ್ ನಕ್ಷೆಗಿಂತ ಅಂಬಿಗರಿಗೆ ಚೆನ್ನಾಗಿ ಗೊತ್ತು. ಅವರೊಬ್ಬರಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ದುಂದುವೆಚ್ಚವಲ್ಲ.

ಮೂರನೆಯದು ಗುಂಪಿನ ಶಿಸ್ತು. ಹತ್ತು ಜನ ಸೇರಿದಾಗ ಜವಾಬ್ದಾರಿ ಹತ್ತು ಪಾಲಾಗಿ, ಕೊನೆಗೆ ಯಾರದೂ ಅಲ್ಲವಾಗುತ್ತದೆ. ಆದ್ದರಿಂದ ನಾಯಕನೊಬ್ಬನನ್ನು ಮೊದಲೇ ನಿಶ್ಚಯಿಸಬೇಕು. 'ಇಂದು ಬೇಡ' ಎಂದು ಆತ ಹೇಳಿದರೆ ಅದೇ ಅಂತಿಮ. ಅನುಭವಿಗಳಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ಹೊಸಬರು ನಡುವೆ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಗೆ ಒಪ್ಪುವ ಅಳತೆಯದಾಗಿದ್ದು ಬಕಲ್ ಬಿಗಿದಿರಬೇಕು. ಸೀಟಿ, ಎಸೆಯುವ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೀರು ತಾಗದ ಚೀಲದಲ್ಲಿ ಮೊಬೈಲ್, ನಮ್ಮ ಬಿಸಿಲಿಗೆ ಸಾಕಾಗುವಷ್ಟು ಕುಡಿಯುವ ನೀರು ಜೊತೆಗಿರಲಿ. ಮದ್ಯ ಸುತರಾಂ ಬೇಡ. ಹೊರಟವರ ಹೆಸರು, ಇಳಿಯುವ ಜಾಗ, ಏರುವ ಜಾಗ, ತಲುಪುವ ಹೊತ್ತನ್ನು ಬರೆದು ದಡದಲ್ಲಿರುವ ಒಬ್ಬರ ಕೈಗೆ ಕೊಡಬೇಕು. ಹೊತ್ತು ಮೀರಿದರೆ 112ಕ್ಕೆ ಕರೆ ಮಾಡುವುದು ಅವರ ಕೆಲಸ. ಮಗುಚಿದ ಕಯಾಕಿನಿಂದ ಹೊರಬರುವುದನ್ನು ಮೊದಲೇ ನಿಂತ ನೀರಿನಲ್ಲಿ ಕಲಿತಿರಬೇಕು. ಇಂಥ ತರಬೇತಿಗೆ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ಇಷ್ಟೆಲ್ಲ ಬೇಕೆ ಎನ್ನುವವರು ಕೆಲವು ಘಟನೆಗಳನ್ನು ನೆನೆಯಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ, ಮಿತಿ ಮೀರಿ ಜನ ಹತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಮಂದಿ ಸತ್ತರು. 2022ರ ಏಪ್ರಿಲ್‌ನಲ್ಲಿ ಕಾಳಿ ನದಿಯ ಗಣೇಶಗುಡಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದ ರಾಫ್ಟ್ ಸೆಳವಿನಲ್ಲಿ ಸಿಲುಕಿತು. ಅದೃಷ್ಟವಶಾತ್ ಎಲ್ಲರೂ ಬದುಕಿದರು. ಪ್ರತಿ ಸಲವೂ ಕಾರಣ ನೀರಿಗಿಂತ ಹೆಚ್ಚಾಗಿ ದಡದಲ್ಲಿ ಎಣಿಸದೆ ಬಿಟ್ಟ ತಲೆಗಳು.

ಅಪಾಯ ನಮ್ಮದು, ನಿಮಗೇಕೆ ಚಿಂತೆ ಎಂಬ ವಾದವೂ ಇದೆ. ಅರ್ಥಶಾಸ್ತ್ರ ಅದನ್ನು ಒಪ್ಪುವುದಿಲ್ಲ. 2019ರ ಆಗಸ್ಟ್‌ನ ಪ್ರವಾಹದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ಕೊಚ್ಚಿಹೋದ ಅವರನ್ನೂ ರಕ್ಷಿಸಬೇಕಾಯಿತು. ಒಬ್ಬರ ಮೋಜಿನ ಬೆಲೆಯನ್ನು ಮತ್ತೊಬ್ಬರು ಜೀವ ಪಣಕ್ಕಿಟ್ಟು ತೆರುವುದು ನ್ಯಾಯವಲ್ಲ.

ಆಡಳಿತದ ಹೊಣೆಯೂ ಇದೆ. ಅವಘಡವಾದೊಡನೆ ನಿಷೇಧ, ನಾಲ್ಕು ತಿಂಗಳಿಗೆ ಮರೆವು ಎಂಬ ಪರಿಪಾಠವನ್ನು ಒಳಗಿನಿಂದಲೇ ಬಲ್ಲೆ. ನಿಷೇಧದಿಂದ ಹೊಟ್ಟೆಗೆ ಪೆಟ್ಟು ಬೀಳುವುದು ಅಂಬಿಗನಿಗೆ. ನಿರ್ಲಕ್ಷ್ಯ ತೋರಿದವರು ಬೇರೆ ಹೊಳೆ ಹುಡುಕುತ್ತಾರೆ. 2021ರ ಒಳನಾಡು ನೌಕೆಗಳ ಕಾಯ್ದೆಯು ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ದಾಖಲೆಗೆ ತರಲು ಅವಕಾಶ ನೀಡಿದೆ. ಕಂಪ್ಲಿ, ಸಿರುಗುಪ್ಪದ ದಡಗಳಲ್ಲಿ ಅಂದಿನ ಹೊರಹರಿವನ್ನು ಬರೆಯುವ ಕರಿಹಲಗೆ, ಇಂತಿಷ್ಟು ಮೀರಿದರೆ ದೋಣಿ ಇಳಿಸಕೂಡದೆಂಬ ಗುರುತು, ಬಾಡಿಗೆಗೆ ಜಾಕೆಟ್ ಇವಿಷ್ಟಕ್ಕೆ ದೊಡ್ಡ ಅನುದಾನವೇನೂ ಬೇಡ. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಬರುವ ಮಳೆಗಾಲಕ್ಕೆ ಮುಂಚೆಯೇ ಆಗುವ ಕೆಲಸವಿದು. ಯುವಜನ ನದಿಯತ್ತ ಹೋಗುವುದು ಒಳ್ಳೆಯದೇ. ಹೋದಷ್ಟೂ ಜನ ಎಣಿಸಿದಂತೆ ಮರಳಿ ಬರಬೇಕು ಎಂಬುದಷ್ಟೇ ನಮ್ಮ ಹಟವಾಗಿರಬೇಕು.